ಹಸಿವಿನ ಮನೆಯಲ್ಲಿ ಹುಟ್ಟಿದ ದಪ್ಪ ಇಲಿ

ನಮ್ಮ ಕಡೆ ಇಲಿಯ ಬಗ್ಗೆ ಒಳ್ಳೆಯ ಮಾತಾಡುವವರು ಸಿಗುವುದು ಕಷ್ಟ. ಕೊಕ್ಕೊ ಕಾಯಿಗೆ ತೂತು, ಎಳನೀರಿಗೆ ತೂತು, ಅಟ್ಟದ ಮೇಲಿನ ಭತ್ತದ ಚೀಲಕ್ಕೂ ತೂತು. ನಮ್ಮ ತೋಟದಲ್ಲಿ ಈಗಲೂ ನಾಲ್ಕು ಬೋನು ಇಟ್ಟಿದ್ದೇವೆ. ಆದರೂ ಈ ಸಲ ಇಲಿಯ ಪರವಾಗಿ ಬರೆಯಲು ಕೂತಿದ್ದೇನೆ. ಅದಕ್ಕೆ ಕಾರಣ ಒಂದು ಮದುವೆ ಊಟ.

ಕಳೆದ ವರ್ಷ ಉಜಿರೆ ಹತ್ತಿರದ ಒಂದು ಮದುವೆಯಲ್ಲಿ ನನ್ನ ಪಕ್ಕ ಅಕ್ಕನ ಮಗಳು ಕೂತಿದ್ದಳು. ಹನ್ನೊಂದು ವರ್ಷದ ಹುಡುಗಿ, ಸ್ವಲ್ಪ ದಪ್ಪ. ಹೋಳಿಗೆ ಬಂದಾಗ ಎದುರು ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು, "ಅವಳಿಗೆ ಸಾಕು ಮಾರಾಯ್ರೇ, ನೋಡಿದ್ರೆ ಗೊತ್ತಾಗುದಿಲ್ವಾ?" ಎಂದರು. ಸುತ್ತಲಿನವರು ನಕ್ಕರು. ಹುಡುಗಿ ಎಲೆ ಮಡಚಿ ಎದ್ದಳು. ಮನೆಗೆ ಬಂದ ಮೇಲೆ ಅಮ್ಮ ಒಂದೇ ಮಾತು ಹೇಳಿದ್ದು: "ಅವಳ ಮುತ್ತಜ್ಜಿಯೂ ಹಾಗೆಯೇ ಇದ್ದದ್ದು. ಆಗ ಎಲ್ಲಿತ್ತು ಹೋಳಿಗೆ?"

ದಪ್ಪ ಬರುವುದು ಎಲೆಯಿಂದಲೋ ಮುತ್ತಜ್ಜಿಯಿಂದಲೋ? ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ನಮ್ಮ ದಕ್ಷಿಣ ಭಾರತದ ಇಲಿಗಳದ್ದು ದೊಡ್ಡ ಪಾತ್ರ. ಆ ಕಥೆಯ ಆರಂಭದಲ್ಲಿ ಕನ್ನಡಿಗರ ಊಟವೂ ಬರುತ್ತದೆ.

1918ರಲ್ಲಿ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ಕಾಯಿಲೆಯ ಅಧ್ಯಯನ ಶುರು ಮಾಡಿದರು. ನುಣ್ಣಗೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ಉಣ್ಣುವ ಕಡೆ ಕಾಲು ಸೋತು, ಹೃದಯ ಸೋತು ಜನ ಸಾಯುತ್ತಿದ್ದ ಕಾಲ ಅದು. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವ ಕಡೆ ಆ ರೋಗ ಅಪರೂಪವಾಗಿತ್ತು. ಬೇಯಿಸುವಾಗ ತೌಡಿನಲ್ಲಿರುವ ಬಿ1 ಜೀವಸತ್ವ ಅಕ್ಕಿಯ ಒಳಗೆ ಇಳಿಯುತ್ತದೆ. ನಮ್ಮ ಕುಚ್ಚಲಕ್ಕಿ ಗಂಜಿಯ ಗುಟ್ಟು ಅದು.

ಅವರ ಪ್ರಯೋಗಕ್ಕೆ ಬೇಕಾದ ವಿಸ್ಟಾರ್ ತಳಿಯ ಬಿಳಿ ಇಲಿಗಳು 1920ರ ಸುಮಾರಿಗೆ ಕೂನೂರಿಗೆ ಬಂದವು. ಮುಂದೆ ಮೆಕ್ಯಾರಿಸನ್ ಒಂದು ವಿಚಿತ್ರ ಪ್ರಯೋಗ ಮಾಡಿದರು. ಇಲಿಗಳನ್ನು ಗುಂಪು ಮಾಡಿ ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದ್ರಾಸಿನವರು ಹೀಗೆ ಒಂದೊಂದು ಜನರ ಊಟವನ್ನು ಒಂದೊಂದು ಗುಂಪಿಗೆ ಹಾಕಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಸಿಖ್ ಇಲಿಗಳ ಸರಾಸರಿ ತೂಕ 235 ಗ್ರಾಂ. ಮದ್ರಾಸಿನ ಊಟದವು 155 ಗ್ರಾಂ. ಕನ್ನಡ ಇಲಿಗಳು ನಡುವೆ, 185 ಗ್ರಾಂ. ಇಲಿಗಳೆಲ್ಲ ಒಂದೇ ತಳಿ, ಬೇರೆಯಾದದ್ದು ಊಟ ಮಾತ್ರ. ಅಂದರೆ ಆ ಕಾಲದ ಉತ್ತರ ಸ್ಪಷ್ಟ: ಎಲೆಯೇ ಎಲ್ಲ. ಹೊಟ್ಟೆಗಿಲ್ಲದ ದೇಶದಲ್ಲಿ ಆ ಉತ್ತರ ತಪ್ಪೂ ಅಲ್ಲ.

ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂತು. 1969ರಿಂದ ಅದರ ಹೆಸರು ರಾಷ್ಟ್ರೀಯ ಪೋಷಣಾ ಸಂಸ್ಥೆ. ಇಲಿ ಸಂತತಿಯೂ ಜೊತೆಗೆ ಬಂತು. ಅಣ್ಣ ತಂಗಿ ಇಲಿಗಳನ್ನೇ ಕೂಡಿಸುತ್ತಾ ತಲೆತಲಾಂತರದಿಂದ ಸಾಕಿದ ತಳಿ ಅದು, ಎಲ್ಲವೂ ಅಚ್ಚಿನಲ್ಲಿ ತೆಗೆದ ಹಾಗೆ. ಅಂಥ ಗೂಡಿನಲ್ಲಿ ಕೆಲವು ಮರಿಗಳು ಬೇರೆಯವಕ್ಕೆ ಹಾಕುವ ಅದೇ ಆಹಾರ ತಿಂದು ಊದತೊಡಗಿದವು. ಎನ್.ವಿ. ಗಿರಿಧರನ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಮರಿಗೆ ಸುಮಾರು 35 ದಿನ ಆಗುವಾಗಲೇ ದಪ್ಪ ಕಣ್ಣಿಗೆ ಬೀಳುತ್ತದೆ. ಬೆಳೆದ ಮೇಲೆ ಒಂದು ಕಿಲೋ ದಾಟಿದವೂ ಇದ್ದವು. ಕನ್ನಡ ಇಲಿಯ 185 ಗ್ರಾಂ ನೆನಪಿಡಿ! ಹಸಿವಿನ ಅಧ್ಯಯನಕ್ಕೆಂದು ಕಟ್ಟಿದ ಮನೆಯಲ್ಲೇ ಇಂಥ ಇಲಿ ಹುಟ್ಟಿತು.

ಇದು ಮನುಷ್ಯ ಮಾಡಿದ ಬದಲಾವಣೆ ಅಲ್ಲ, ಪ್ರಕೃತಿಯೇ ವಂಶವಾಹಿಯಲ್ಲಿ ಮಾಡಿದ ತಿದ್ದುಪಡಿ. ಪ್ರತಿ ಮರಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಚೀಟಿ ಬರುತ್ತದೆ ಎಂದಿಟ್ಟುಕೊಳ್ಳಿ. ಎರಡೂ ಕೆಟ್ಟ ಚೀಟಿಯಾದರೆ ಮರಿ ವಿಪರೀತ ದಪ್ಪ. ಒಂದು ಕೆಟ್ಟದಾದರೆ ನಡುವಿನ ಮೈಕಟ್ಟು. ಎರಡೂ ಸರಿ ಇದ್ದರೆ ತೆಳ್ಳಗೆ. ದಪ್ಪ ಇಲಿಗೆ ಮರಿಯಾಗುವುದಿಲ್ಲ, ಆಯುಷ್ಯವೂ ಕಡಿಮೆ. ಹಾಗಾಗಿ ನಡುವಿನವನ್ನು ಕೂಡಿಸಿಯೇ ಈ ತಳಿಯನ್ನು ಉಳಿಸಿಕೊಂಡಿದ್ದಾರೆ. ದೋಷ ಇರುವುದು 5ನೇ ವರ್ಣತಂತುವಿನಲ್ಲಿ, ಲೆಪ್ಟಿನ್ ಗ್ರಾಹಕದ ವಂಶವಾಹಿಯ ಆಸುಪಾಸು ಎಂದು ಆಮೇಲೆ ಗೊತ್ತಾಯಿತು.

ಲೆಪ್ಟಿನ್ ಎಂದರೇನು? ಅದಕ್ಕೆ ಅಮೆರಿಕದ ಜಾಕ್ಸನ್ ಪ್ರಯೋಗಾಲಯಕ್ಕೆ ಹೋಗಿಬರಬೇಕು. ಅಲ್ಲಿ 1949ರಲ್ಲಿ ಹೀಗೆಯೇ ಒಂದು ದಪ್ಪ ಚಿಟ್ಟಿಲಿ ಸಿಕ್ಕಿತ್ತು. ಅದನ್ನು 'ಓಬಿ' ಎಂದು ಕರೆದರು. 1966ರಲ್ಲಿ ಇನ್ನೊಂದು ಬಗೆ ಸಿಕ್ಕಿತು, ದಪ್ಪದ ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದದ್ದು. ಅದು 'ಡಿಬಿ'. ಡಗ್ಲಸ್ ಕೋಲ್ಮನ್ ಎಂಬವರು ಎರಡು ಇಲಿಗಳ ಪಕ್ಕೆ ಸೇರಿಸಿ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಓದುವಾಗ ನನಗೂ ಮೈ ಜುಮ್ಮೆಂದಿತು, ಮುಚ್ಚಿಡುವುದಿಲ್ಲ. ಡಿಬಿಯ ಜೊತೆ ಹೊಲಿದ ಸಾಮಾನ್ಯ ಇಲಿ ಎದುರು ಆಹಾರ ಇದ್ದರೂ ತಿನ್ನದೆ ಸತ್ತಿತು. ಓಬಿಯನ್ನು ಹೊಲಿದರೆ ಅದೂ ತಿನ್ನುವುದನ್ನು ಬಿಟ್ಟು ಸತ್ತಿತು. ಡಿಬಿ ಮಾತ್ರ ತಿನ್ನುತ್ತಲೇ ಇತ್ತು.

ಕೋಲ್ಮನ್ ಲೆಕ್ಕ ಹೀಗೆ: 'ಹೊಟ್ಟೆ ತುಂಬಿತು, ಸಾಕು' ಎಂದು ಮಿದುಳಿಗೆ ಹೇಳುವ ಏನೋ ಒಂದು ರಕ್ತದಲ್ಲಿ ಉಂಟು. ಓಬಿಯ ಮೈಯಲ್ಲಿ ಅದು ತಯಾರಾಗುವುದಿಲ್ಲ. ಡಿಬಿಯ ಮೈಯಲ್ಲಿ ಬೇಕಾದಷ್ಟು ಉಂಟು, ಆದರೆ ಅದರ ಮಿದುಳಿಗೆ ಕೇಳಿಸುವುದಿಲ್ಲ. ಒಬ್ಬನಿಗೆ ಪತ್ರ ಬರಲೇ ಇಲ್ಲ, ಇನ್ನೊಬ್ಬನಿಗೆ ಪತ್ರ ರಾಶಿ ಬಿದ್ದರೂ ಓದಲು ಬರುವುದಿಲ್ಲ. ಆ ಪತ್ರ ಸಿಕ್ಕಿದ್ದು 1994ರಲ್ಲಿ, ಜೆಫ್ರಿ ಫ್ರೀಡ್ಮನ್ ತಂಡಕ್ಕೆ. ಮೈಯ ಕೊಬ್ಬೇ ತಯಾರಿಸುವ ಆ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಿಟ್ಟರು.

ಕುಲಾಂತರಿ ಎಂದರೆ ನಮಗೆ ಬಿಟಿ ಹತ್ತಿ, 2010ರಲ್ಲಿ ಕೇಂದ್ರ ಸರಕಾರ ತಡೆಹಿಡಿದ ಬಿಟಿ ಬದನೆ ನೆನಪಾಗುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ಆ ಕೆಲಸ ಅದಕ್ಕಿಂತ ಹಳತು. ಬೇಕಾದ ಒಂದೇ ವಂಶವಾಹಿಯನ್ನು ಕೆಡಿಸಿ ಇಲಿ ಹುಟ್ಟಿಸುವ ವಿಧಾನ 1980ರ ದಶಕದ ಕೊನೆಗೆ ಬಂತು, 2007ರಲ್ಲಿ ಅದಕ್ಕೆ ನೊಬೆಲ್ ಸಿಕ್ಕಿತು. ಆಮೇಲೆ ವಿಜ್ಞಾನಿಗಳು ಅದೃಷ್ಟದ ದಪ್ಪ ಇಲಿಗಾಗಿ ಕಾಯಬೇಕಾಗಲಿಲ್ಲ. 1997ರಲ್ಲಿ ಮಿದುಳಿನ ಎಂಸಿ4ಆರ್ ಎಂಬ ವಂಶವಾಹಿ ತೆಗೆದ ಇಲಿ ಮಿತಿಮೀರಿ ತಿಂದು ದಪ್ಪವಾಯಿತು. ಮರುವರ್ಷವೇ ಅದೇ ದೋಷ ಇರುವ ಮನುಷ್ಯ ಕುಟುಂಬಗಳೂ ಸಿಕ್ಕಿದವು.

ನನಗೆ ಮರೆಯಲಾಗದ್ದು ಅದೇ 1997ರ ಇನ್ನೊಂದು ವರದಿ. ಇಂಗ್ಲೆಂಡಿನಲ್ಲಿದ್ದ ಪಾಕಿಸ್ತಾನ ಮೂಲದ ಕುಟುಂಬದ ಇಬ್ಬರು ಮಕ್ಕಳು. ಹುಡುಗಿಗೆ 8 ವರ್ಷ, ತೂಕ 86 ಕಿಲೋ. ಅವಳ ಸಂಬಂಧಿ ಹುಡುಗನಿಗೆ 2 ವರ್ಷ, 29 ಕಿಲೋ. ಮನೆಯಲ್ಲಿ ಹತ್ತಿರದ ಸಂಬಂಧದಲ್ಲೇ ಮದುವೆ ಆಗಿತ್ತು. ಕೇಂಬ್ರಿಜ್‌ನ ಸ್ಟೀಫನ್ ಓರಾಹಿಲಿ, ಸದಫ್ ಫಾರೂಕಿ ಮತ್ತು ಸಂಗಡಿಗರು ರಕ್ತ ನೋಡಿದರೆ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. ಓಬಿ ಇಲಿಯದ್ದೇ ಕಥೆ. ಹುಡುಗಿಗೆ ದಿನಾ ಲೆಪ್ಟಿನ್ ಚುಚ್ಚಿದರು. ಒಂದು ವರ್ಷದಲ್ಲಿ 16 ಕಿಲೋ ಇಳಿಯಿತು, ಎಷ್ಟು ತಿಂದರೂ ಮುಗಿಯದ ಹಸಿವು ನಿಂತಿತು. ಅಲ್ಲಿಯವರೆಗೆ ಅವಳಿಗೆ ಎಷ್ಟು ಜನ ಎಷ್ಟು ಪಂಕ್ತಿಯಲ್ಲಿ ಬುದ್ಧಿ ಹೇಳಿರಬಹುದು!

ಇಂಥ ಮಕ್ಕಳು ತೀರಾ ಅಪರೂಪ. ಲೆಪ್ಟಿನ್ ಸಿಕ್ಕಾಗ ಬೊಜ್ಜಿಗೆ ಔಷಧಿ ಸಿಕ್ಕಿತೆಂದು ಲೋಕ ಕುಣಿದಿತ್ತು. ಆದರೆ ದಪ್ಪ ಇರುವ ಹೆಚ್ಚಿನವರ ರಕ್ತದಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ, ಇನ್ನಷ್ಟು ಕೊಟ್ಟರೆ ಪ್ರಯೋಜನವಿಲ್ಲ. ಅವರಲ್ಲಿ ಹತ್ತಾರು ವಂಶವಾಹಿಗಳು ಒಂದೊಂದು ಚಿಟಿಕೆಯಷ್ಟು ಕೆಲಸ ಮಾಡುತ್ತವೆ, ಉಳಿದದ್ದನ್ನು ಬೇಕರಿ, ಬೈಕು, ಮೊಬೈಲು ಮಾಡುತ್ತವೆ.

ಬೆಂಗಳೂರಿನ ಪಾಲೂ ಇದರಲ್ಲಿ ಉಂಟು. ಅಲ್ಲಿನ ಜಿಕೆವಿಕೆ ಆವರಣದಲ್ಲಿ ಒಬೈದ್ ಸಿದ್ದೀಕಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಇಲಿಯ ಬದಲು ಹಣ್ಣಿನ ನೊಣ. ಕೊಳೆತ ಬಾಳೆಹಣ್ಣಿನ ಮೇಲೆ ಹಾರುತ್ತದಲ್ಲ, ಅದೇ ಗುಂಗಾಡು. ಗೈತಿ ಹಸನ್ ಅವರ ತಂಡ ಜೀವಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಒಂದು ಬಾಗಿಲಿನ ವಂಶವಾಹಿ ಕೆಟ್ಟ ನೊಣಗಳನ್ನು ಗಮನಿಸಿ 2013ರಲ್ಲಿ ಬರೆಯಿತು: ಮಾಮೂಲಿ ಆಹಾರದಲ್ಲೇ ಅವು ಕೊಬ್ಬು ಕೂಡಿಡುತ್ತವೆ, ಅತಿಯಾಗಿ ತಿನ್ನುತ್ತವೆ. ಇನ್ಸುಲಿನ್ ಸಂಕೇತ ಹೆಚ್ಚಿಸಿದರೆ ಬೊಜ್ಜು ಸ್ವಲ್ಪ ಇಳಿಯುತ್ತದೆ, ಪೂರ್ತಿ ಅಲ್ಲ. ನನಗೆ ಹಿಡಿಸಿದ್ದು ಅವರ ಒಂದು ಊಹೆ. ಮೈಯಲ್ಲಿ ಕೊಬ್ಬಿನ ಲೆಕ್ಕ ತಪ್ಪಿದ್ದನ್ನು ಸರಿದೂಗಿಸಲು ನೊಣ ಹೆಚ್ಚು ತಿನ್ನುತ್ತಿರಬಹುದು. ಅಂದರೆ ತಿಂದು ದಪ್ಪ ಆದದ್ದು ಮಾತ್ರವಲ್ಲ, ದಪ್ಪ ಆಗುವ ದೋಷವೇ ತಿನ್ನಿಸುತ್ತಿರಬಹುದು.

ಅಕ್ಕ ಮೊನ್ನೆ ಮಗಳನ್ನು ಮಂಗಳೂರಿನಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದಳು. ಅವರು ಮೊದಲು ಕೇಳಿದ್ದು ಊಟದ ವಿಷಯ ಅಲ್ಲ. ಎಷ್ಟನೇ ವಯಸ್ಸಿನಿಂದ ದಪ್ಪ, ಐದು ವರ್ಷಕ್ಕೆ ಮೊದಲೇ ಇತ್ತಾ, ರಾತ್ರಿ ಎದ್ದು ಅನ್ನ ಹುಡುಕುತ್ತಾಳಾ, ನೀವು ಗಂಡ ಹೆಂಡತಿ ಮೊದಲೇ ಸಂಬಂಧಿಕರಾ. ಎಲ್ಲದಕ್ಕೂ ಇಲ್ಲ ಎಂದಾಗ, ಒಂದೇ ವಂಶವಾಹಿಯ ದೋಷ ಇರಲಿಕ್ಕಿಲ್ಲ ಎಂದರು. ಆಮೇಲೆ ಮನೆಯಲ್ಲಿ ಯಾರಿಗೆ ಶುಗರ್ ಇತ್ತು ಎಂದು ಕೇಳಿದರು. ಅಕ್ಕ ಮುತ್ತಜ್ಜಿಯಿಂದ ಶುರು ಮಾಡಿದಳು, ಡಾಕ್ಟರು ಕಾಗದದಲ್ಲಿ ವಂಶದ ಗೆರೆ ಎಳೆಯುತ್ತಾ ಹೋದರು. ಹುಡುಗಿ ಕತ್ತು ಚಾಚಿ ನೋಡುತ್ತಿದ್ದಳಂತೆ.