ಎಪ್ಪತ್ತರ ದಶಕ: ವಿಜ್ಞಾನ ಮನೆಬಾಗಿಲಿಗೆ ಬಂದ ಕಾಲ

ಅಮೆರಿಕದ ಹಲವು ಕನ್ನಡ ಕೂಟಗಳು ಹುಟ್ಟಿದ್ದು 1970ರ ದಶಕದಲ್ಲಿ. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಬಂದ ನಮ್ಮ ಇಂಜಿನಿಯರುಗಳು, ವೈದ್ಯರು ಇಲ್ಲಿ ನೆಲೆಯೂರುತ್ತಿದ್ದ ಕಾಲವದು. ಕೂಟದ ಹುಟ್ಟುಹಬ್ಬದ ನೆಪದಲ್ಲಿ ಆ ದಶಕದ ಇನ್ನೊಂದು ಕಥೆಯನ್ನೂ ಮಕ್ಕಳಿಗೆ ಹೇಳಬೇಕೆನಿಸುತ್ತದೆ. ದೊಡ್ಡ ಸಂಸ್ಥೆಗಳ ಸ್ವತ್ತಾಗಿದ್ದ ಯಂತ್ರಗಳು ಸಾಮಾನ್ಯ ಮನುಷ್ಯನ ಕೈಗೆ ಸಿಕ್ಕಿದ್ದು ಆ ಹತ್ತು ವರ್ಷಗಳಲ್ಲೇ.

ಆಗ ಇಂಜಿನಿಯರಿಂಗ್ ಓದಿದವರ ಆಯುಧವೆಂದರೆ ಸ್ಲೈಡ್ ರೂಲ್. ಪಟ್ಟಿಯೊಳಗೆ ಪಟ್ಟಿ ಜಾರಿಸಿ ಗುಣಾಕಾರ, ಭಾಗಾಕಾರ ಮಾಡಬೇಕು. ಉತ್ತರ ಸಿಗುತ್ತಿದ್ದುದು ಸುಮಾರು ಮೂರು ಅಂಕಿಗಳವರೆಗೆ. ದಶಮಾಂಶದ ಚುಕ್ಕೆ ಎಲ್ಲಿ ಬೀಳುತ್ತದೆಂಬುದನ್ನು ತಲೆಯಲ್ಲೇ ಲೆಕ್ಕ ಹಾಕಬೇಕು. 1972ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಎಚ್‌ಪಿ-35 ಬಂತು. ಮೂವತ್ತೈದು ಗುಂಡಿಗಳಿದ್ದುದರಿಂದ ಆ ಹೆಸರು. ಸೈನು, ಕೊಸೈನು, ಲಾಗರಿದಮ್ಮುಗಳೆಲ್ಲ ಅಂಗಿಯ ಜೇಬಿಗೆ ಬಂದವು. ಬೆಲೆ 395 ಡಾಲರು! ಆದರೂ ಜನ ಮುಗಿಬಿದ್ದು ಕೊಂಡರು. ದಶಕ ಮುಗಿಯುವಷ್ಟರಲ್ಲಿ ಸ್ಲೈಡ್ ರೂಲ್ ಅಟ್ಟ ಸೇರಿತು. ಅದರ ಜತೆಗೇ ಅಂದಾಜು ಕಟ್ಟುವ ಅಭ್ಯಾಸವೂ ಹೋಯಿತೆಂದು ನನಗನಿಸುತ್ತದೆ. ಅದಿರಲಿ.

ಕ್ಯಾಲ್ಕುಲೇಟರಿನ ದೆಸೆಯಿಂದಲೇ ಇನ್ನೊಂದು ದೊಡ್ಡ ಸಂಗತಿ ನಡೆದಿತ್ತು. ಬ್ಯುಸಿಕಾಂ ಎಂಬ ಜಪಾನೀ ಕ್ಯಾಲ್ಕುಲೇಟರ್ ಕಂಪನಿಗೆಂದು ರೂಪುಗೊಂಡ 4004 ಎಂಬ ಮೈಕ್ರೋಪ್ರೊಸೆಸರನ್ನು ಇಂಟೆಲ್ 1971ರ ನವೆಂಬರಿನಲ್ಲಿ ಎಲ್ಲರಿಗೂ ಮಾರತೊಡಗಿತು. ಉಗುರಿಗಿಂತ ಚಿಕ್ಕ ಸಿಲಿಕಾನ್ ತುಣುಕಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳು. ಈ ಜಾತಿಯ ಚಿಪ್ಪುಗಳಿಂದಲೇ 1975ರಲ್ಲಿ ಆಲ್ಟೇರ್ 8800 ಬಂತು. ಬಿಡಿಭಾಗಗಳನ್ನು ಮನೆಯಲ್ಲೇ ಬೆಸೆದುಕೊಳ್ಳಬೇಕಾಗಿದ್ದ ಆ ಕಂಪ್ಯೂಟರಿಗೆ ಕೀಲಿಮಣೆಯೂ ಇಲ್ಲ, ಪರದೆಯೂ ಇಲ್ಲ. ಸ್ವಿಚ್ಚುಗಳು ಮತ್ತು ಮಿಣುಕು ದೀಪಗಳು ಅಷ್ಟೆ. ಎರಡೇ ವರ್ಷಗಳಲ್ಲಿ, 1977ಕ್ಕೆ, ಕೀಲಿಮಣೆಯಿರುವ, ಮನೆಯ ಟೆಲಿವಿಷನ್ನಿಗೆ ಜೋಡಿಸಬಹುದಾದ ಆಪಲ್-2 ಬಂದಿತು.

ನಾವು ಇಲ್ಲಿ ಇದನ್ನೆಲ್ಲ ನೋಡುತ್ತಿದ್ದಾಗ ಊರಿನಲ್ಲೇನೂ ನಡೆಯುತ್ತಿರಲಿಲ್ಲ ಎಂದುಕೊಂಡರೆ ತಪ್ಪು. ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಆ ತಂಡದ ಮುಖ್ಯಸ್ಥರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೇರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಕಟ್ಟುವುದನ್ನು ಆ ಹುಡುಗರು ಕಲಿತಾಗಿತ್ತು.

ಅದೇ ವರ್ಷದ ಆಗಸ್ಟ್ 1ರಿಂದ ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಮುಟ್ಟಿಸಲಾಯಿತು. ಇದಕ್ಕೆ 'ಸೈಟ್' ಪ್ರಯೋಗ ಎಂದು ಹೆಸರು. ತಂತಿಬಲೆಯ ದೊಡ್ಡ ಆಂಟೆನಾ ನೆಟ್ಟು, ಊರವರೆಲ್ಲ ಒಂದೆಡೆ ಕೂತು ಬೇಸಾಯ, ಆರೋಗ್ಯ ಮುಂತಾದ ಕಾರ್ಯಕ್ರಮಗಳನ್ನು ನೋಡಿದರು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ರಾಜಧಾನಿಗಿಂತ ಮೊದಲು ಬಯಲುಸೀಮೆಯ ರೈತ ಟಿವಿ ನೋಡಿದ ಈ ಮಾತನ್ನು ಬೆಂಗಳೂರಿನವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ವರ್ಷ ಮುಗಿದೊಡನೆ ಆ ಉಪಗ್ರಹವನ್ನು ನಾಸಾ ಮತ್ತೆ ಅಮೆರಿಕದ ಕಡೆಗೆ ಸರಿಸಿಕೊಂಡಿತು. ಮರುವರ್ಷ, ಎಂದರೆ 1977ರ ಆಗಸ್ಟ್–ಸೆಪ್ಟೆಂಬರಿನಲ್ಲಿ, ಅದೇ ನಾಸಾ ಎರಡು ವಾಯೇಜರ್ ನೌಕೆಗಳನ್ನು ಹಾರಿಸಿತು. ಒಂದೊಂದರಲ್ಲೂ ಚಿನ್ನದ ಲೇಪವಿರುವ, ಹನ್ನೆರಡು ಅಂಗುಲದ ಗ್ರಾಮಫೋನ್ ತಟ್ಟೆಯನ್ನಿಟ್ಟರು. ಅದರಲ್ಲಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಯಿದೆ. ಮನುಕುಲದ ಐವತ್ತೈದು ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು: ನಮಸ್ತೆ ಹೇಳಿ, ಕನ್ನಡಿಗರ ಪರವಾಗಿ ಶುಭ ಕೋರುವ ಒಂದು ಪುಟ್ಟ ವಾಕ್ಯ. 2012ರಲ್ಲಿ ವಾಯೇಜರ್-1 ಸೂರ್ಯಮಾರುತದ ಎಲ್ಲೆ ದಾಟಿ ನಕ್ಷತ್ರಗಳ ನಡುವಿನ ಅವಕಾಶವನ್ನು ಹೊಕ್ಕಿತು. ತಟ್ಟೆಯ ಜತೆ ಅದನ್ನು ನುಡಿಸಲು ಬೇಕಾದ ಮುಳ್ಳನ್ನೂ ಇಟ್ಟಿದ್ದಾರೆ. ಹೇಗೆ ನುಡಿಸಬೇಕೆಂಬ ಚಿತ್ರ ಮೇಲುಹೊದಿಕೆಯ ಮೇಲೆಯೇ ಇದೆ.