ಇಂಗ್ಲಿಷ್ ಭಾಷಾ ಪರೀಕ್ಷೆಯ ಪರೀಕ್ಷಕರಾಗಲು ಬೇಕಾದ ಅರ್ಹತೆ, ತಗಲುವ ವೆಚ್ಚ

ವಿದೇಶದಲ್ಲಿ ಓದಲು ಅಥವಾ ದುಡಿಯಲು ಹೊರಡುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಹೆಸರು ಗಡಿನಾಡಿನ ಮನೆಗಳಿಗೂ ಈಗ ಹೊಸದಲ್ಲ. ಆದರೆ ಆ ಪರೀಕ್ಷೆಯಲ್ಲಿ ಮೇಜಿನ ಆಚೆ ಬದಿ ಕುಳಿತು ಅಂಕ ನೀಡುವವರು ಯಾರು, ಆ ಸ್ಥಾನಕ್ಕೆ ಏರುವ ದಾರಿ ಯಾವುದು ಎಂಬ ಮಾಹಿತಿ ಕನ್ನಡದಲ್ಲಿ ದೊರೆಯುವುದು ವಿರಳ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆ ದಾರಿ ಮುಚ್ಚಿದೆ ಎಂಬ ಅಂಜಿಕೆಯೂ, ಹಣ ಕಟ್ಟಿದರೆ ತೆರೆಯುತ್ತದೆ ಎಂಬ ಭ್ರಮೆಯೂ ಜೊತೆಜೊತೆಗೆ ಹರಡಿವೆ. ಇವೆರಡೂ ತಪ್ಪು. ಶಿಕ್ಷಕ ವೃತ್ತಿಯತ್ತ ಒಲವುಳ್ಳ ಮಕ್ಕಳ ಪೋಷಕರಿಗೂ, ಈಗಾಗಲೇ ಇಂಗ್ಲಿಷ್ ಬೋಧಿಸುತ್ತಿರುವವರಿಗೂ ನೆರವಾಗಲೆಂದು ವಿವರಗಳನ್ನು ಇಲ್ಲಿ ಕ್ರಮವಾಗಿ ನೀಡುತ್ತಿದ್ದೇವೆ.

ಪರೀಕ್ಷೆಯ ಸ್ವರೂಪ

1989ರಲ್ಲಿ ಆರಂಭವಾದ ಈ ಪರೀಕ್ಷೆಯ ಒಡೆತನ ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಸೇರಿದೆ. 2021ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ ಭಾರತದ ಐಇಎಲ್‌ಟಿಎಸ್ ವ್ಯವಹಾರವನ್ನು ಐಡಿಪಿ ಕೊಂಡುಕೊಂಡಿತು. ಆಲಿಸುವಿಕೆ, ಓದು, ಬರಹ, ಮಾತು ಎಂಬ ನಾಲ್ಕು ಭಾಗಗಳಲ್ಲಿ ಮೊದಲ ಎರಡಕ್ಕೆ ತಲಾ 40 ಪ್ರಶ್ನೆಗಳಿದ್ದು, ಅವುಗಳ ಉತ್ತರಗಳು ನಿಶ್ಚಿತವಾಗಿವೆ. ಪರೀಕ್ಷಕರ ವಿವೇಚನೆ ಬೇಕಾಗುವುದು ಬರಹ ಮತ್ತು ಮಾತಿಗೆ. ಮಾತಿನ ಪರೀಕ್ಷೆ 11ರಿಂದ 14 ನಿಮಿಷಗಳ ಮುಖಾಮುಖಿ ಸಂಭಾಷಣೆ, ಅದನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತದೆ. ಮಾತಿನ ಹರಿವು ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣ, ಉಚ್ಚಾರ ಎಂಬ ನಾಲ್ಕು ಮಾನದಂಡಗಳ ಮೇಲೆ 9ರವರೆಗಿನ ಬ್ಯಾಂಡ್ ನೀಡಬೇಕು.

ಕನಿಷ್ಠ ಅರ್ಹತೆಗಳು

ಮೊದಲನೆಯದು, ಪದವಿ ಅಥವಾ ಅದಕ್ಕೆ ಸಮಾನವಾದ ವಿದ್ಯಾರ್ಹತೆ.

ಎರಡನೆಯದು, ಇಂಗ್ಲಿಷನ್ನು ಅನ್ಯಭಾಷಿಕರಿಗೆ ಬೋಧಿಸುವ ಮಾನ್ಯ ಪ್ರಮಾಣಪತ್ರ ಅಥವಾ ಶಿಕ್ಷಣಶಾಸ್ತ್ರದ ಪದವಿ. ಕೇಂಬ್ರಿಜ್‌ನ ಸೆಲ್ಟಾ, ಟ್ರಿನಿಟಿಯ ಸರ್ಟ್ ಟೆಸಾಲ್ ಮೊದಲ ಬಗೆಯವು. ನಮ್ಮಲ್ಲಿ ಪರಿಚಿತವಾದ ಬಿ.ಎಡ್. ಎರಡನೆಯ ಬಗೆಗೆ ಸೇರುತ್ತದೆ; ಅದರಲ್ಲಿ ಇಂಗ್ಲಿಷ್ ಬೋಧನೆಯನ್ನು ವಿಷಯವಾಗಿ ಆರಿಸಿಕೊಂಡಿರುವುದು ಮೇಲು.

ಮೂರನೆಯದು, ಪೂರ್ಣಾವಧಿಯ ಕನಿಷ್ಠ ಮೂರು ವರ್ಷಗಳ ಇಂಗ್ಲಿಷ್ ಬೋಧನಾನುಭವ. ಅದರ ಬಹುಪಾಲು 16 ವರ್ಷ ದಾಟಿದ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದಾಗಿರಬೇಕು.

ನಾಲ್ಕನೆಯದು, ಇಂಗ್ಲಿಷಿನ ಮೇಲೆ ಅತ್ಯುನ್ನತ ಹಿಡಿತ. ಒಂಬತ್ತನೆಯ ಬ್ಯಾಂಡಿಗೆ ‘ಪರಿಣತ ಬಳಕೆದಾರ’ ಎಂಬ ಹೆಸರಿದೆ. ಪರೀಕ್ಷಕರಿಂದ ನಿರೀಕ್ಷಿಸುವುದು ಆ ಮಟ್ಟವನ್ನೇ.

ಶಾಲೆಯಲ್ಲಿ ಕಲಿತ ಮಾಧ್ಯಮ ಯಾವುದು, ಮಾತೃಭಾಷೆ ಯಾವುದು ಎಂಬುದು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಉಚ್ಚಾರದ ಮಾನದಂಡವೂ ಮಾತು ಕೇಳುಗರಿಗೆ ಸ್ಪಷ್ಟವಾಗಿ ತಿಳಿಯುತ್ತದೆಯೇ ಎಂಬುದನ್ನು ನೋಡುತ್ತದೆಯೇ ಹೊರತು, ಇಂಗ್ಲೆಂಡಿನವರಂತೆ ಧ್ವನಿ ತೆಗೆಯುವುದನ್ನು ಕೇಳುವುದಿಲ್ಲ. ಆದುದರಿಂದ ಕಾಸರಗೋಡಿನ ಅಥವಾ ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಓದಿದುದು ಇಲ್ಲಿ ಅನರ್ಹತೆಯಲ್ಲ. ಆದರೆ ಭಾಷೆಯ ಮಟ್ಟದಲ್ಲಿ ಯಾವ ರಿಯಾಯಿತಿಯೂ ಇಲ್ಲವೆಂಬುದನ್ನು ಮರೆಯಬಾರದು.

ಶಾಲಾ ಶಿಕ್ಷಕರು ಗಮನಿಸಬೇಕಾದುದು

ಅನುಭವದ ನಿಯಮವೇ ನಮ್ಮ ಶಿಕ್ಷಕರಿಗೆ ತೊಡಕಾಗುವಂಥದು. ಪ್ರಾಥಮಿಕ ಅಥವಾ ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ್ದರೂ ಆ ಮಕ್ಕಳು ಬಹುತೇಕ 16ರ ಒಳಗಿನವರು. ಆ ಅನುಭವವೊಂದೇ ಸಾಲದು. ಪಿಯುಸಿ, ಪ್ಲಸ್ ಟು, ಪದವಿ ಕಾಲೇಜು, ಪಾಲಿಟೆಕ್ನಿಕ್ ಅಥವಾ ವಯಸ್ಕರ ಇಂಗ್ಲಿಷ್ ತರಗತಿಗಳಲ್ಲಿ ಕಲಿಸಿದ ವರ್ಷಗಳಿಗೆ ಬೆಲೆ ಹೆಚ್ಚು. ಗಣಿತವನ್ನೋ ವಿಜ್ಞಾನವನ್ನೋ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಸಿದುದು ಭಾಷಾಬೋಧನೆ ಎನಿಸುವುದಿಲ್ಲ. ವಿದ್ಯಾರ್ಥಿಗಳ ವಯೋಮಾನ, ವಾರದ ತರಗತಿಗಳ ಅವಧಿ, ಬೋಧಿಸಿದ ವಿಷಯ ಇವು ಸ್ಪಷ್ಟವಾಗಿ ನಮೂದಾಗಿರುವ ಸೇವಾ ಪ್ರಮಾಣಪತ್ರವನ್ನು ಕೆಲಸ ಬಿಡುವಾಗಲೇ ಪಡೆದಿಟ್ಟುಕೊಳ್ಳುವುದು ಒಳಿತು.

ಆಯ್ಕೆಯ ಹಂತಗಳು

ಪರೀಕ್ಷಾ ಕೇಂದ್ರವು ಪರೀಕ್ಷಕರ ಅಗತ್ಯವಿದ್ದಾಗ ಮಾತ್ರ ಅರ್ಜಿ ಕರೆಯುತ್ತದೆ. ಅರ್ಜಿಯ ಪರಿಶೀಲನೆ, ಸಂದರ್ಶನ, ತರಬೇತಿ ಇವುಗಳ ನಂತರ ಅಭ್ಯರ್ಥಿ ಮಾದರಿ ಉತ್ತರಗಳಿಗೆ ಅಂಕ ನೀಡಿ ತೋರಿಸಬೇಕು. ಆ ಅಂಕ ನಿಗದಿತ ಮಟ್ಟಕ್ಕೆ ಹೊಂದಿದರಷ್ಟೇ ಪ್ರಮಾಣಪತ್ರ. ಅದೂ ಶಾಶ್ವತವಲ್ಲ: ಎರಡು ವರ್ಷಗಳಿಗೊಮ್ಮೆ ಮರುಪರೀಕ್ಷೆಯ ಮೂಲಕ ಅದನ್ನು ಉಳಿಸಿಕೊಳ್ಳಬೇಕು. ನಡುವಣ ಅವಧಿಯಲ್ಲಿಯೂ ಪರೀಕ್ಷಕರ ಕೆಲಸದ ಮೇಲ್ವಿಚಾರಣೆ ನಡೆಯುತ್ತಿರುತ್ತದೆ.

ವೆಚ್ಚದ ಲೆಕ್ಕ

ಖರ್ಚಿನ ಭಾರವೆಲ್ಲ ಬೀಳುವುದು ಅರ್ಹತೆ ಗಳಿಸುವ ಹಂತದಲ್ಲಿ. ಸೆಲ್ಟಾ ಕೋರ್ಸಿಗೆ ಭಾರತದಲ್ಲಿ ಒಂದು ಲಕ್ಷ ರೂಪಾಯಿಗೂ ಮೀರಿ ಶುಲ್ಕವಿದೆ. ಇದು ಪೂರ್ಣಾವಧಿಯಾದರೆ ನಾಲ್ಕೈದು ವಾರಗಳ ಕೋರ್ಸು. ಕನಿಷ್ಠ 120 ಗಂಟೆಗಳ ಕಲಿಕೆ, 6 ಗಂಟೆಗಳ ಬೋಧನಾಭ್ಯಾಸ, ನಾಲ್ಕು ಲಿಖಿತ ಕಾರ್ಯಗಳು ಇದರಲ್ಲಿ ಸೇರಿವೆ. ನಗರದಲ್ಲಿ ಉಳಿದು ಓದುವುದಾದರೆ ವಸತಿ, ಊಟದ ಖರ್ಚು, ಆ ತಿಂಗಳ ಸಂಬಳದ ನಷ್ಟ ಇವೂ ಸೇರಬೇಕು. ಆನ್‌ಲೈನಿನಲ್ಲಿ ಓದುವ ಅವಕಾಶವಿರುವುದರಿಂದ ವಸತಿಯ ಖರ್ಚನ್ನು ಉಳಿಸಬಹುದು. ಆದರೆ ತಡೆಯಿಲ್ಲದ ಅಂತರ್ಜಾಲ ಸಂಪರ್ಕ ಬೇಕು. ತನ್ನ ಮಟ್ಟ ಅರಿಯಲು ಐಇಎಲ್‌ಟಿಎಸ್ ಬರೆದು ನೋಡುವವರು ಅದಕ್ಕೆ 17 ಸಾವಿರ ರೂಪಾಯಿಗಿಂತ ಹೆಚ್ಚು ತೆರಬೇಕಾಗುತ್ತದೆ.

ಬಿ.ಎಡ್. ಎರಡು ವರ್ಷ ಹಿಡಿದರೂ ಶಾಲಾ ಶಿಕ್ಷಕ ಹುದ್ದೆಗೂ ಅದೇ ಅರ್ಹತೆಯಾಗುವುದರಿಂದ, ನಮ್ಮ ಕುಟುಂಬಗಳಿಗೆ ಅದೇ ಹೆಚ್ಚು ಭದ್ರವಾದ ಹೂಡಿಕೆ. ಸೇವೆಯಲ್ಲಿರುವ ಸರಕಾರಿ ಶಿಕ್ಷಕರು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಯನ್ನೂ ಗಮನಿಸಬಹುದು. 1963ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ದಕ್ಷಿಣದ ರಾಜ್ಯಗಳ ಶಿಕ್ಷಕರಿಗಾಗಿಯೇ ಇರುವಂಥದು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯವೂ ಇಂಗ್ಲಿಷ್ ಬೋಧನೆಯ ಡಿಪ್ಲೊಮಾ ನೀಡುತ್ತದೆ.

ಆದಾಯದ ನಿಜಸ್ಥಿತಿ

ಪರೀಕ್ಷಕರದು ಸಾಮಾನ್ಯವಾಗಿ ತಿಂಗಳ ಸಂಬಳದ, ಪಿಂಚಣಿಯ ನೌಕರಿಯಲ್ಲ. ಮಾಡಿದಷ್ಟು ಕೆಲಸಕ್ಕೆ ಸಂಭಾವನೆ. ಪರೀಕ್ಷಾರ್ಥಿಗಳು ಕಡಿಮೆಯಾದರೆ ಕೆಲಸವೂ ಕಡಿಮೆ. ಪರೀಕ್ಷೆಗಳು ನಗರಗಳಲ್ಲಿ ನಡೆಯುವುದರಿಂದ ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ನೀಲಗಿರಿಯವರು ಕೊಯಮತ್ತೂರಿಗೆ, ಸೊಲ್ಲಾಪುರದವರು ಪುಣೆಗೆ ಹೋಗಿಬರುವ ಲೆಕ್ಕ ಹಾಕಬೇಕು. ಹೀಗಾಗಿ ಉಪನ್ಯಾಸಕರಿಗೆ ಇದು ಗೌರವದ ಉಪವೃತ್ತಿಯಾಗಬಹುದು. ಇದೊಂದನ್ನೇ ನಂಬಿ ಸಾಲ ಮಾಡುವುದು ತರವಲ್ಲ.

ಕಾಲದ ಲೆಕ್ಕ

ಈಗ ಹತ್ತನೆಯ ತರಗತಿಯಲ್ಲಿರುವ 16 ವರ್ಷದ ವಿದ್ಯಾರ್ಥಿನಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹನ್ನೆರಡನೆಯ ತರಗತಿ ಮುಗಿಯುವಾಗ 18, ಮೂರು ವರ್ಷದ ಪದವಿಗೆ 21, ಬಿ.ಎಡ್.ಗೆ 23. ಆಮೇಲೆ ಕಾಲೇಜು ಮಟ್ಟದಲ್ಲಿ ಮೂರು ವರ್ಷ ಬೋಧಿಸಿದರೆ 26ರ ಹೊತ್ತಿಗೆ ಅರ್ಜಿ ಸಲ್ಲಿಸಬಹುದು. ಕಾಲೇಜಿನಲ್ಲಿ ಕಾಯಂ ಉಪನ್ಯಾಸಕಿಯಾಗಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕಾಗುವುದರಿಂದ ಇನ್ನೆರಡು ವರ್ಷ ಕೂಡಿಸಿಕೊಳ್ಳುವುದು ವಾಸ್ತವಕ್ಕೆ ಹತ್ತಿರ.

ಎಚ್ಚರಿಕೆ

ಪರೀಕ್ಷಕರು ತಮ್ಮ ಆ ಸ್ಥಾನವನ್ನು ಜಾಹೀರಾತು ಮಾಡಿಕೊಂಡು ತರಬೇತಿ ನಡೆಸುವಂತಿಲ್ಲ. ತಮ್ಮ ಪರಿಚಯದವರನ್ನು ಪರೀಕ್ಷಿಸುವಂತಿಲ್ಲ. ‘ನಮ್ಮಲ್ಲಿ ಪರೀಕ್ಷಕರೇ ಪಾಠ ಹೇಳುತ್ತಾರೆ’ ಎನ್ನುವ ಫಲಕವನ್ನು ಈ ಕಾರಣದಿಂದಲೇ ಸಂದೇಹದಿಂದ ನೋಡಬೇಕು. ಹಣ ಪಡೆದು ಪರೀಕ್ಷಕರನ್ನಾಗಿ ಮಾಡಿಸುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ನಂಬಲೇಬಾರದು. ವಾರಾಂತ್ಯದಲ್ಲಿ ಮುಗಿಯುವ, ತರಗತಿಯಲ್ಲಿ ಪಾಠ ಮಾಡಿಸದ ಅಗ್ಗದ ಪ್ರಮಾಣಪತ್ರಗಳನ್ನು ಸೆಲ್ಟಾದ ಸಾಲಿಗೆ ಸೇರಿಸಲಾಗದು. ಯಾವುದೇ ಕೋರ್ಸಿಗೆ ಶುಲ್ಕ ಕಟ್ಟುವ ಮೊದಲು, ಪರೀಕ್ಷಾ ಸಂಸ್ಥೆಗೇ ಪತ್ರ ಬರೆದು ಆ ಪ್ರಮಾಣಪತ್ರ ಮಾನ್ಯವೇ ಎಂದು ಲಿಖಿತ ಉತ್ತರ ಪಡೆಯಿರಿ ಎಂಬುದು ಪೋಷಕರಲ್ಲಿ ನಮ್ಮ ವಿನಂತಿ.