ಬಡವಾದ್ಯಲ್ಲವ್ವ ಅನ್ನೋ ಮಾತು, ದಪ್ಪ ಆದ್ಯಲ್ಲೇ ಅನ್ನೋ ಮಾತು

ನಮ್ಮ ಅರಸೀಕೆರೆ ಕಡೆ ತವರಿಗೆ ಬಂದ ಹೆಣ್ಣುಮಗಳನ್ನ ಬಾಗಿಲಲ್ಲೇ ಒಂದು ಸಲ ಮೇಲಿಂದ ಕೆಳಗೆ ನೋಡೋದು ಹಳೇ ರೂಢಿ. ನಮ್ಮಜ್ಜಿ ಕಾಲದಲ್ಲಿ ಆಗ ಬರ್ತಿದ್ದ ಮಾತು, “ಯಾಕವ್ವ ಇಷ್ಟು ಬಡವಾಗಿದ್ದೀಯ, ಅತ್ತೆ ಮನೇಲಿ ಹೊಟ್ಟೆ ತುಂಬಾ ಇಕ್ಕಲ್ವಾ?” ಮೈ ಕೈ ತುಂಬಿಕೊಂಡಿದ್ರೆ “ಲಕ್ಷಣವಾಗಿದ್ದೀಯ ಕಣವ್ವ” ಅಂತ ದೃಷ್ಟಿ ತೆಗೀತಿದ್ರು. ಈಗ ಅದೇ ಬಾಗಿಲಲ್ಲಿ “ಏನೇ, ಇಷ್ಟು ದಪ್ಪ ಆಗಿದ್ದೀಯ?” ಅಂತ ಶುರು. ಸಣ್ಣಗಾಗಿ ಬಂದ್ರೆ “ಏನ್ ಮಾಡ್ದೆ, ನಮಗೂ ಹೇಳೇ” ಅಂತಾರೆ. ಊರು ಅದೇ, ತೆಂಗಿನ ತೋಟಾನೂ ಅದೇ. ಎರಡು ತಲೆಮಾರಲ್ಲಿ ಮಾತು ಮಾತ್ರ ತಿರುಗಾಮುರುಗಾ ಆಗೈತೆ. ಕೊಬ್ಬರಿ ಬೆಳೆಯೋ ನಾಡಲ್ಲೇ ಹುಟ್ಟಿದ ಮಕ್ಕಳು ಚಟ್ನಿಗೆ ಕಾಯಿ ಹಾಕಬೇಡ, ದಪ್ಪ ಆಗ್ತೀವಿ ಅಂತಾವೆ.

ಇದು ಬರೀ ಮಾತಾಗಿದ್ರೆ ನಾನು ಇಷ್ಟುದ್ದ ಬರೀತಿರಲಿಲ್ಲ. ಊಟ ಬಿಟ್ಟು ಬಿಟ್ಟು ಆಸ್ಪತ್ರೆ ಸೇರೋ ಮಕ್ಕಳು ಈಗ ನಮ್ಮ ನಡುವೆನೇ ಅವೆ. ಹಾಗಾಗಿ ಮೈಯನ್ನ ಅಳೆಯೋ ಈ ಅಳತೆಗೋಲು ಯಾರದು, ಯಾವಾಗ ನಮ್ಮ ಮನೆ ಒಳಗೆ ಬಂತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಹಿಂದಕ್ಕೆ ಅಂದ್ರೆ ನಮ್ಮ ಕಡೆಯೋರಿಗೆ ಮೊದಲು ನೆನಪಾಗೋದು ಬೇಲೂರು. ಚೆನ್ನಕೇಶವ ದೇವಸ್ಥಾನ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಆಗಿದ್ದು. ಅಲ್ಲಿ ಮದನಿಕೆಯರು ಹೊರಗಡೆ ಸೂರಿನ ಕೆಳಗೆ 38, ಒಳಗೆ ನವರಂಗದಲ್ಲಿ 4, ಒಟ್ಟು 42. ಕನ್ನಡಿ ಹಿಡಿದ ದರ್ಪಣಸುಂದರಿ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೋರೇ ಇಲ್ಲ. ಹೆಣ್ಣು ಅಂದ್ರೆ ಹಿಂಗಿರಬೇಕು, ನಡು ನೋಡಿ ಅಂತ ತೋರಿಸೋರೂ ಉಂಟು. ಶಾಲೆ ಟೂರಿಗೆ ಬಂದ ಹುಡುಗೀರು ಅದನ್ನ ಕೇಳಿಸಿಕೊಂಡು ತಮ್ಮ ನಡು ಮುಟ್ಟಿ ನೋಡಿಕೊಳ್ತಾವೆ.

ಆದರೆ ಆ ಮೈ ಹೆಂಗಾಯ್ತು ಅನ್ನೋದು ತಿಳ್ಕೋಬೇಕು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಂಥ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಟ್ಟು ಹೋಗವ್ರೆ. ಅವರ ಅಳತೆ ತಾಳಮಾನ. ಮುಖದ ಉದ್ದ ಒಂದು ತಾಳ, ಅದನ್ನ ಇಟ್ಟುಕೊಂಡು ಇಡೀ ಮೈ ಲೆಕ್ಕ. ದೇವರಿಗೆ ಇಷ್ಟು ತಾಳ, ಕುಳ್ಳ ಗಣಗಳಿಗೆ ಇಷ್ಟು ತಾಳ ಅಂತ ಬೇರೆ ಬೇರೆ ಇತ್ತು. ಅದು ಕಲ್ಲು ಕೆತ್ತೋಕೆ ಮಾಡಿದ ಲೆಕ್ಕ. ಹಳೇ ಕಾವ್ಯಗಳಲ್ಲಿ ನಾಯಕಿಗೆ ಬಡನಡು ಅಂತಾರಲ್ಲ, ಅದನ್ನೇ ಶಿಲ್ಪಿ ಬಳಪದ ಕಲ್ಲಲ್ಲಿ ತೋರಿಸಿದ. ಆ ನಡುವಿನೊಳಗೆ ಜಠರ ಇಲ್ಲ, ಕರುಳಿಲ್ಲ, ಗರ್ಭಕೋಶ ಇಲ್ಲ. ಇನ್ನೊಂದು ನೋಡಿ, ಅದೇ ಮದನಿಕೆಯ ತೋಳು, ತೊಡೆ, ಗಲ್ಲ ಎಲ್ಲ ತುಂಬಿಕೊಂಡೇ ಐತೆ. ಈಗಿನ ಜಾಹೀರಾತಿನ ಹುಡುಗೀರ ಪಕ್ಕ ನಿಲ್ಲಿಸಿದ್ರೆ ಅವಳೂ ದಪ್ಪನೇ!

ಹಳೇಬೀಡಿಗೆ ಹೋದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಹೊಯ್ಸಳೇಶ್ವರನ ಗುಡಿ ಹತ್ತಿರ ದೊಡ್ಡ ಹೊಟ್ಟೆ ಬಿಟ್ಟುಕೊಂಡು ಗಣಪ ಕೂತವ್ನೆ, ಅವನಿಗೆ ಪೂಜೆ. ಎಲುಬಿನ ಗೂಡಿನಂಗೆ ಕೆತ್ತಿರೋದು ಭೈರವನ ಪಕ್ಕದ ಭೇತಾಳಗಳನ್ನ. ಆ ಕಾಲದ ಕಣ್ಣಿಗೆ ಎಲುಬು ಕಾಣೋ ಮೈ ಅಂದ್ರೆ ಹಸಿವು, ಸ್ಮಶಾನ. ಅದನ್ನ ಯಾರೂ ಚೆಲುವು ಅಂತ ಕೆತ್ತಲಿಲ್ಲ.

ಆ ಕಣ್ಣು ನಮ್ಮಜ್ಜಿಯ ಕಾಲದವರೆಗೂ ಉಳೀತು. ಅದಕ್ಕೆ ಬಲವಾದ ಕಾರಣ ಇತ್ತು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನಕ್ಕೆ ಬಂದ ಬರಕ್ಕೆ ಧಾತು ಈಶ್ವರ ಬರ ಅಂತಾರೆ, ಆ ಸಂವತ್ಸರಗಳ ಹೆಸರಿನಿಂದ. 1871ರ ಜನಗಣತೀಲಿ ಸಂಸ್ಥಾನದ ಜನ 50 ಲಕ್ಷದ ಮೇಲಿದ್ರು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೀಬೇಕಾಗಿದ್ದ ಜನ ಎಂಟು ಲಕ್ಷದಷ್ಟು ಕಡಿಮೆ! ಇಂಥ ನಾಡಲ್ಲಿ ಬಡವ ಅನ್ನೋ ಒಂದೇ ಪದಕ್ಕೆ ದುಡ್ಡಿಲ್ಲದೋನು, ಮೈ ಇಲ್ಲದೋನು ಅಂತ ಎರಡು ಅರ್ಥ ಇರೋದು ಸುಮ್ಮನೆ ಅಲ್ಲ. “ಬಡವಾಗಿದ್ದೀಯಲ್ಲವ್ವ” ಅನ್ನೋ ಮಾತಲ್ಲಿ ಆ ಬರದ ಭಯ ಇತ್ತು. ಬಾಣಂತಿ ಮೈ ತುಂಬಿಕೊಂಡ್ರೆ, ಮಗು ಕೈಮೇಲೆ ಮಡಿಕೆ ಬಿದ್ರೆ, ಉಳೀತು ಜೀವ ಅಂತ ಅರ್ಥ. ತುಲಾಭಾರಕ್ಕೆ ಕೂರಿಸಿದ್ರೂ ತೂಕ ಹೆಚ್ಚಿದಷ್ಟೂ ದೇವರಿಗೆ ಹೆಚ್ಚು ಬೆಲ್ಲ, ಹೆಚ್ಚು ಅಕ್ಕಿ.

ಹಾಗಾದ್ರೆ ತೂಕ ಕಡಿಮೆ ಇರಬೇಕು ಅನ್ನೋ ಲೆಕ್ಕ ಎಲ್ಲಿಂದ ಬಂತು? ಈಗ ಮೊಬೈಲಲ್ಲಿ ಎಲ್ಲಾರೂ ನೋಡ್ಕೊಳ್ತಾರಲ್ಲ ಬಿಎಂಐ, ತೂಕವನ್ನ ಎತ್ತರದ ವರ್ಗದಿಂದ ಭಾಗಿಸೋದು, ಅದರ ಮೂಲ ಬೆಲ್ಜಿಯಂ ದೇಶದ ಅಡಾಲ್ಫ್ ಕ್ವೆಟ್ಲೆ. ಅವನು ಡಾಕ್ಟರಲ್ಲ. ನಕ್ಷತ್ರ, ಗಣಿತ ನೋಡ್ತಿದ್ದೋನು. 1830ರ ದಶಕದಲ್ಲಿ ಒಂದು ದೇಶದ ಸರಾಸರಿ ಮನುಷ್ಯ ಹೆಂಗಿರ್ತಾನೆ ಅಂತ ಲೆಕ್ಕ ಹಾಕೋಕೆ ಹೊರಟ. ಆಮೇಲೆ ಅಮೆರಿಕದ ಜೀವವಿಮೆ ಕಂಪನಿಗಳು, ಯಾರು ಬೇಗ ಸತ್ತು ನಮಗೆ ನಷ್ಟ ಮಾಡ್ತಾರೆ ಅಂತ ತಿಳಿಯೋಕೆ ಎತ್ತರಕ್ಕೆ ತಕ್ಕ ತೂಕದ ಪಟ್ಟಿ ಮಾಡಿದ್ವು. 1972ರಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಮತ್ತೆ ಕ್ವೆಟ್ಲೆಯ ಲೆಕ್ಕವನ್ನೇ ಎತ್ತಿಕೊಂಡು ಈಗಿನ ಹೆಸರಿಟ್ಟರು. ಒಟ್ಟು ಜನರ ಆರೋಗ್ಯ ತಿಳಿಯೋಕೆ ಅದು ಸುಲಭದ ಲೆಕ್ಕ. ಆದರೆ ಮುಂದೆ ನಿಂತಿರೋ ಒಬ್ಬ ಹುಡುಗಿಯ ಮೂಳೆ ಎಷ್ಟು, ಮಾಂಸ ಎಷ್ಟು, ಅವಳು ಉಂಡಿದ್ದಾಳಾ ಇಲ್ವಾ ಅಂತ ಅದು ಹೇಳಲ್ಲ.

ನಮ್ಮ ಹಳ್ಳಿಗಳಿಗೆ ತೂಕದ ತಕ್ಕಡಿ ಬಂದಿದ್ದೇ ಬೇರೆ ಕೆಲಸಕ್ಕೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಯ್ತು. ಅಂಗನವಾಡೀಲಿ ಮಗುವನ್ನ ತಕ್ಕಡಿಗೆ ಹಾಕೋದು ತೂಕ ಏರಿತಾ ಅಂತ ನೋಡೋಕೆ. ಅದೇ ಮಗು ಕಾಲೇಜಿಗೆ ಹೋಗೋ ಹೊತ್ತಿಗೆ ತೂಕ ಇಳೀತಾ ಅಂತ ನೋಡಿಕೊಳ್ಳುತ್ತೆ!

ಈ ನಡುವೆ ಆಗಿದ್ದೇನು? 1994ರಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್, ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದ್ರು. 1996ರ ನವೆಂಬರಿನಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೀತು. ಬೀದಿಯಲ್ಲಿ ದೊಡ್ಡ ಪ್ರತಿಭಟನೆ ಆಯ್ತು. ಅದೇ ಹೊತ್ತಿಗೆ ಮನೆ ಮನೆಗೆ ಕೇಬಲ್ ಟಿವಿ ಬಂತು. ಸೊಂಟದ ಇಂಚು, ತೂಕದ ಕೆಜಿ ಇವೆಲ್ಲ ಹುಡುಗೀರ ಬಾಯಲ್ಲಿ ಬಂದಿದ್ದು ಆಗ.

ಟಿವಿಯಿಂದ ಅಂತ ಹೆಂಗೆ ಹೇಳ್ತೀರ ಅಂತ ಕೇಳಬಹುದು. ಅದಕ್ಕೆ ಫಿಜಿ ದ್ವೀಪದ ಕತೆ ಐತೆ. ಅಲ್ಲೂ ನಮ್ಮಂಗೇ ಚೆನ್ನಾಗಿ ಉಣ್ಣಿಸೋ ಜನ, ಮೈ ತುಂಬಿದ್ರೆ ಮೆಚ್ಚೋ ಜನ. 1995ರಲ್ಲಿ ಅಲ್ಲಿನ ನಾಡ್ರೋಗ ಅನ್ನೋ ಕಡೆಗೆ ಮೊದಲ ಸಲ ಟಿವಿ ಬಂತು. ಆನ್ ಬೆಕರ್ ಅನ್ನೋ ಸಂಶೋಧಕಿ ಟಿವಿ ಬಂದ ಹೊಸದರಲ್ಲಿ ಒಂದು ಸಲ, ಮೂರು ವರ್ಷ ಆದಮೇಲೆ 1998ರಲ್ಲಿ ಇನ್ನೊಂದು ಸಲ ಶಾಲೆ ಹುಡುಗೀರನ್ನ ಕೇಳಿದ್ರು. ಸಣ್ಣಗಾಗಬೇಕು ಅಂತ ತಿಂದಿದ್ದನ್ನ ಹೊರಹಾಕೋರು ಮೊದಲ ಸಲ ಯಾರೂ ಇರಲಿಲ್ಲ. ಎರಡನೇ ಸಲಕ್ಕೆ ನೂರಕ್ಕೆ ಹನ್ನೊಂದು ಜನ ಇದ್ರು. ಈಗ ಟಿವಿ ಜಾಗದಲ್ಲಿ ಫೋನು ಬಂದು ದಿಂಬಿನ ಪಕ್ಕ ಮಲಗೈತೆ.

ಆದರೂ ಟಿವಿ ಒಂದೇ ಕಾರಣ ಅಲ್ಲ. ಈ ಕಾಯಿಲೆ ಟಿವಿಗಿಂತ ಹಳೇದು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್, ಪ್ಯಾರಿಸ್ಸಿನ ಚಾರ್ಲ್ಸ್ ಲಾಸೆಗ್ ಇಬ್ಬರೂ ಬೇರೆ ಬೇರೆಯಾಗಿ, ಊಟ ಬಿಟ್ಟು ಸೊರಗೋ ಹುಡುಗೀರ ಬಗ್ಗೆ ಬರೆದ್ರು. ಗಲ್ ಅದಕ್ಕೆ ಅನೊರೆಕ್ಸಿಯಾ ನರ್ವೋಸಾ ಅಂತ ಹೆಸರಿಟ್ಟರು. ಅನೊರೆಕ್ಸಿಯಾ ಅಂದ್ರೆ ಹಸಿವಿಲ್ಲದಿರೋದು. ಹೆಸರು ಪೂರ್ತಿ ಸರಿ ಇಲ್ಲ. ಹಸಿವು ಇರುತ್ತೆ, ದಪ್ಪ ಆಗ್ತೀನಿ ಅನ್ನೋ ಭಯ ಅದಕ್ಕಿಂತ ದೊಡ್ಡದಾಗಿರುತ್ತೆ. ಗುಟ್ಟಾಗಿ ವಿಪರೀತ ತಿಂದು ಆಮೇಲೆ ಹೊರಹಾಕೋ ಬುಲಿಮಿಯಾ ಕಾಯಿಲೆಯನ್ನ 1979ರಲ್ಲಿ ಜೆರಾಲ್ಡ್ ರಸೆಲ್ ಗುರುತಿಸಿದ್ರು. ಅದು ಇರೋರು ನೋಡೋಕೆ ಸಣ್ಣಗೇನೂ ಕಾಣಲ್ಲ, ಅದಕ್ಕೇ ಮನೆಯೋರಿಗೆ ಗೊತ್ತಾಗಲ್ಲ. ಹೊರಹಾಕದೆ ಬರೀ ಮಿತಿಮೀರಿ ತಿಂದು ಒಳಗೊಳಗೇ ನಾಚಿಕೊಳ್ಳೋದೂ ಒಂದು ಕಾಯಿಲೆ ಅಂತ ಆಮೇಲೆ ಸೇರಿಸಿದ್ರು. ಗಂಡುಮಕ್ಕಳಿಗೂ ಇವು ಬರ್ತವೆ. ಮನಸ್ಸಿನ ಕಾಯಿಲೆಗಳಲ್ಲಿ ಹೆಚ್ಚು ಜೀವ ತೆಗೆಯೋವುಗಳ ಸಾಲಲ್ಲಿ ಅನೊರೆಕ್ಸಿಯಾ ಐತೆ. ಇದು ಸೊಕ್ಕು ಅಲ್ಲ, ಹಟ ಅಲ್ಲ, ಶೋಕಿ ಅಲ್ಲ.

ಹಸಿವು ಮನಸ್ಸಿಗೆ ಏನು ಮಾಡುತ್ತೆ ಅಂತ ತೋರಿಸಿಕೊಟ್ಟೋರು ಮೇಲೆ ಹೇಳಿದ ಅದೇ ಆನ್ಸೆಲ್ ಕೀಸ್. ಎರಡನೇ ಮಹಾಯುದ್ಧದ ಕೊನೇಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ 36 ಜನ ಗಟ್ಟಿಮುಟ್ಟು ಗಂಡಸರು ತಾವಾಗೇ ಒಪ್ಪಿಕೊಂಡು ಆರು ತಿಂಗಳು ಅರೆಹೊಟ್ಟೇಲಿ ಇದ್ರು. ಅವರ ಮನಸ್ಸೆಲ್ಲ ಊಟದ ಮೇಲೇ. ಅಡುಗೆ ಪುಸ್ತಕ ಓದೋದು, ತಟ್ಟೆ ನೆಕ್ಕೋದು, ತುತ್ತು ತುತ್ತಿಗೂ ಹೊತ್ತು ಮಾಡೋದು, ಸಿಡುಕೋದು, ಒಬ್ಬರೇ ಇರೋದು. ಮತ್ತೆ ಊಟ ಕೊಟ್ಟಾಗ ಎಷ್ಟು ತಿಂದ್ರೂ ತೃಪ್ತಿ ಇಲ್ಲ. ಆರೋಗ್ಯವಂತ ಗಂಡಸರ ಗತಿಯೇ ಹಿಂಗಾದ್ರೆ, ಊಟ ಬಿಟ್ಟ ಹದಿನಾರರ ಹುಡುಗಿ ಸಿಡುಕ್ತಾಳೆ ಅಂತ ಬೈದು ಏನು ಬಂತು?

ಇದನ್ನ ಓದಿದಾಗ ನಮ್ಮ ನೆಂಟರ ಪೈಕಿ ಒಬ್ಬ ಹುಡುಗಿ ನೆನಪಾದಳು. ಪಿಯುಸಿ ಓದ್ತಿದ್ದಳು. ಭಾನುವಾರ ಬಂದ್ರೆ ಒತ್ತು ಶಾವಿಗೆ, ಕಾಯಿಹಾಲು ಮಾಡಿ ಮನೆಮಂದಿಗೆಲ್ಲ ಬಲವಂತ ಮಾಡಿ ಬಡಿಸೋಳು. ತಾನು ಮಾತ್ರ “ನಾನು ಆಗ್ಲೇ ತಿಂದೆ” ಅನ್ನೋಳು. ಮಗಳು ಅಡುಗೆ ಕಲೀತಾವ್ಳೆ ಅಂತ ತಾಯಿಗೆ ಹಿಗ್ಗು. ಕೂದಲು ಉದುರ್ತು, ಮುಟ್ಟು ನಿಂತ್ತು, ಬಿಸಿಲಲ್ಲೂ ಚಳಿ ಅನ್ನೋಳು. ಗ್ಯಾಸು ಅಂದ್ರು, ಕಾಮಾಲೆ ಅಂದ್ರು, ದೃಷ್ಟಿ ಅಂತ ಮೆಣಸಿನಕಾಯಿ ಸುಟ್ಟರು. ಒಂದು ದಿನ ಬಸ್ ಸ್ಟ್ಯಾಂಡಲ್ಲಿ ತಲೆ ತಿರುಗಿ ಬಿದ್ದಮೇಲೆ ತೋರಿಸಿದ ಡಾಕ್ಟರು ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದ್ರು. ಸರಿಹೋಗೋಕೆ ಒಂದೂವರೆ ವರ್ಷ ಹಿಡೀತು. ಶುರುವಾಗಿದ್ದು ಒಂದು ಮದುವೆ ಮನೇಲಿ, ಯಾರೋ “ನಿನಗೆ ಸೀರೆ ಸುತ್ತೋಕೆ ಎರಡು ಸೀರೆ ಬೇಕಲ್ಲೇ” ಅಂದ ಮಾತಿನಿಂದ ಅಂತ ಆಮೇಲೆ ಹೇಳಿದಳು. ಅಂದೋರಿಗೆ ಅದು ನೆನಪೂ ಇಲ್ಲ.

ಉಪವಾಸ ನಮಗೆ ಹೊಸದಲ್ಲ. ಏಕಾದಶಿ, ಶಿವರಾತ್ರಿ ಎಲ್ಲ ಮಾಡಿಕೊಂಡೇ ಬಂದಿದ್ದೀವಿ. ಆದರೆ ವ್ರತಕ್ಕೆ ಒಂದು ದಿನ ಇರುತ್ತೆ, ಪಾರಣೆ ಇರುತ್ತೆ, ಮನೆಯೋರಿಗೆಲ್ಲ ಗೊತ್ತಿರುತ್ತೆ. ಕಾಯಿಲೆಯ ಉಪವಾಸಕ್ಕೆ ಪಾರಣೆ ಇಲ್ಲ, ಅದು ಗುಟ್ಟಾಗಿ ನಡೆಯುತ್ತೆ. ದಿನಾ ಒಂದಲ್ಲ ಒಂದು ನೆಪ ಹೇಳಿ ಊಟ ತಪ್ಪಿಸೋದು, ಉಂಡ ತಕ್ಷಣ ಬಚ್ಚಲಿಗೆ ಹೋಗೋದು, ಕನ್ನಡಿ ಮುಂದೆ ಅಳೋದು, ಮುಟ್ಟು ನಿಲ್ಲೋದು ಕಂಡ್ರೆ ಕಾಯಬೇಡಿ.

ಹಾಗಂತ ತೂಕ ಲೆಕ್ಕಕ್ಕೇ ಬೇಡ ಅಂತ ನಾನು ಹೇಳ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಜನಕ್ಕೆ ತೂಕ ಹೆಚ್ಚು, ಸುಮಾರು 17 ಜನಕ್ಕೆ ಕಡಿಮೆ. ಸಕ್ಕರೆ ಕಾಯಿಲೆ, ಬಿಪಿ ನಮ್ಮ ಮನೆಗಳಲ್ಲೇ ಅವೆ. ಅದನ್ನ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ ಮಾತಾಡಬೇಕು, ನಾಲ್ಕು ಜನರ ಮುಂದೆ ನಗಾಡಿ ಅಲ್ಲ. ಮುದ್ದೆ, ಬಸ್ಸಾರು, ಅವರೆಕಾಳು, ಹುಚ್ಚೆಳ್ಳು ಚಟ್ನಿ ಉಂಡು ತೋಟ ಸುತ್ತಿ ಬರೋದು ಯಾವ ತೂಕದೋರಿಗೂ ಒಳ್ಳೇದೇ.

ಕಾಯಿಲೆ ಅಂತ ಅನುಮಾನ ಬಂದ್ರೆ ಬರೀ ಬುದ್ಧಿಮಾತು ಸಾಲದು. ಬೆಂಗಳೂರಿನ ಮನೋವೈದ್ಯರನ್ನ ಕೇಳಿ ಮಾಡಿದ ಒಂದು ಸಮೀಕ್ಷೆ 2012ರಲ್ಲಿ ಅಚ್ಚಾಯ್ತು, ಅರ್ಧಕ್ಕಿಂತ ಹೆಚ್ಚು ಡಾಕ್ಟರುಗಳು ಇಂಥ ರೋಗಿಗಳನ್ನ ನೋಡಿದ್ದೀವಿ ಅಂದವ್ರೆ. ಹಾಗಾಗಿ ಹೇಳಿಕೊಳ್ಳೋಕೆ ನಾಚಿಕೆ ಬೇಡ. ಹಾಸನದ ದೊಡ್ಡಾಸ್ಪತ್ರೇಲಿ ಮಾನಸಿಕ ವಿಭಾಗ ಐತೆ, ಬೆಂಗಳೂರಲ್ಲಿ ನಿಮ್ಹಾನ್ಸ್ ಐತೆ. 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಟೆಲಿ ಮಾನಸ್‌ನೋರು ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡ್ತಾರೆ. ಬಹಳ ದಿನ ಉಣ್ಣದ ಮೈಗೆ ಒಂದೇ ಸಲಕ್ಕೆ ತುಂಬಾ ಉಣ್ಣಿಸೋದೂ ಜೀವಕ್ಕೆ ಅಪಾಯ, ಎಷ್ಟು ಅಂತ ಡಾಕ್ಟರೇ ಹೇಳಬೇಕು. 1980ರ ದಶಕದಿಂದ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯೋರು ಬೆಳೆಸಿದ ಚಿಕಿತ್ಸೇಲಿ ಡಾಕ್ಟರು ದಾರಿ ಹೇಳ್ತಾರೆ, ಅಪ್ಪ ಅಮ್ಮ ಪಕ್ಕದಲ್ಲಿ ಕೂತು ಹೊತ್ತು ಹೊತ್ತಿಗೆ ಉಣ್ಣಿಸ್ತಾರೆ. ಅಂದ್ರೆ ಔಷಧಿಯ ಅರ್ಧ ನಮ್ಮ ಅಡುಗೆಮನೇಲೇ ಐತೆ.

ಶಿಲ್ಪಿಯ ತಾಳಮಾನ ಕಲ್ಲಿಗೆ, ಕ್ವೆಟ್ಲೆಯ ಲೆಕ್ಕ ದೇಶಕ್ಕೆ, ವಿಮೆಯೋರ ಪಟ್ಟಿ ಅವರ ಲಾಭಕ್ಕೆ. ಇದರಲ್ಲಿ ಯಾವುದನ್ನೂ ನಮ್ಮ ಮಗಳ ಮೈ ನೋಡಿ ಮಾಡಿದ್ದಲ್ಲ. ಇನ್ನು ಮೇಲೆ ಮಕ್ಕಳು ಬಾಗಿಲಿಗೆ ಬಂದಾಗ ದಪ್ಪ, ಸಣ್ಣ ಎರಡೂ ಬೇಡ. “ಬಾರವ್ವ, ಕೈಕಾಲು ತೊಳಕೋ, ಒಟ್ಟಿಗೆ ಉಣ್ಣೋಣ” ಅಂದ್ರೆ ಸಾಕು ಕಣ್ರವ್ವ.